ಅಕ್ಕ ಹಾಕಿಕೊಟ್ಟ ದಾರಿ

ಅಪ್ಪ ಆ ಮಾತನ್ನು ಊಟದ ನಡುವೆ, ಉಪ್ಪು ಇತ್ತ ಸರಿಸು ಎನ್ನುವಷ್ಟು ಸಲೀಸಾಗಿ ಹೇಳಿಬಿಟ್ಟರು.

"ಬರೋ ಶನಿವಾರ ತಂಗೀನ ನೋಡ್ಕೊಂಡು ಬರ್ತೀನಿ. ಗುಬ್ಬಿ ವಿಮಾನದಲ್ಲಿ ಕರ್ಕೊಂಡು ಹೋಗ್ತಾಳಂತೆ."

ಅಕ್ಕ ಎತ್ತಿದ ತುತ್ತು ತಟ್ಟೆಗೇ ಇಳಿಯಿತು. ಎದುರಿಗೆ ಕೂತಿದ್ದ ಅವಳ ತಂಗಿ ಗುಬ್ಬಿ ನಗು ತಡೆಯಲಾರದೆ ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು.

ಅಪ್ಪನ ತಂಗಿ, ಅಂದರೆ ಇವರ ಸೋದರತ್ತೆ, ಇರುವುದು ಮಹಾನಗರದ ಆಚೆ ಬದಿಯ ಸಣ್ಣ ಪಟ್ಟಣದಲ್ಲಿ. ಆಕೆ ಸೊಂಟದ ಮೂಳೆ ಮುರಿದುಕೊಂಡು ಈಗಷ್ಟೇ ಎದ್ದು ಓಡಾಡತೊಡಗಿದ್ದರು. ಕಾರಿನಲ್ಲಿ ಹೊರಟರೆ ನಗರದ ವಾಹನಗಳ ಮಧ್ಯೆ ಅರ್ಧ ದಿನ ಸಿಕ್ಕಿಕೊಳ್ಳಬೇಕು. ಅಷ್ಟು ಹೊತ್ತು ಮಡಿಸಿಟ್ಟರೆ ಅಪ್ಪನ ಮಂಡಿ ಮತ್ತೆ ಬಿಚ್ಚುವುದೇ ಇಲ್ಲ. ಅಕ್ಕತಂಗಿಯರು ಹಾರುವ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಕ್ಕಾದರೆ ಗಂಟೆಯೊಳಗಿನ ಹಾರಾಟ. ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕನಿಗೆ ಚುಚ್ಚಿದ್ದು ಬೇರೆ.

ಆ ಮನೆಯಲ್ಲಿ ಮೊದಲು ಹಾರಿದವಳು ಅವಳು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ಊರಾಚೆಯ ಫ್ಲೈಯಿಂಗ್ ಕ್ಲಬ್ಬಿಗೆ ಹೆಸರು ಕೊಟ್ಟು, ರಜೆಗಳನ್ನೆಲ್ಲ ಅಲ್ಲೇ ಸುರಿದು ಲೈಸೆನ್ಸ್ ಪಡೆದಿದ್ದಳು. ಅವತ್ತು ಮನೆಗೆ ಓಡಿಬಂದು, "ಅಪ್ಪ, ಮೊದಲು ನಿಮ್ಮನ್ನೇ ಕೂರಿಸ್ಕೊಂಡು ಹಾರ್ತೀನಿ" ಅಂದಾಗ ಅಪ್ಪ ತಲೆಯನ್ನು ಅಡ್ಡಡ್ಡ ಆಡಿಸಿದ್ದರು. ಅವರು ದೊಡ್ಡ ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿದ್ದವರು. ಪ್ರಾಯವನ್ನೆಲ್ಲ ರನ್‌ವೇ ಪಕ್ಕದ ಕೆಂಪು ಲಾರಿಯಲ್ಲಿ ಕೂತು, ಯಾವುದು ಯಾವಾಗ ಬಿದ್ದೀತೋ ಎಂದು ಕಾಯುತ್ತ ಕಳೆದವರು. "ನಾನು ನೆಲದ ಮನುಷ್ಯ ಕಣಮ್ಮ, ನನ್ನ ಬಿಟ್ಬಿಡು" ಅಂದಿದ್ದರು. ಅಕ್ಕ ಬಿಟ್ಟಿದ್ದಳು. ಮತ್ತೆಂದೂ ಆ ಮಾತೆತ್ತಲಿಲ್ಲ.

ಈಗ, ಹೋದ ವರ್ಷವಷ್ಟೇ ಲೈಸೆನ್ಸ್ ಕಂಡ ಗುಬ್ಬಿ ಕರೆದಳು, ನೆಲದ ಮನುಷ್ಯ ಬೂಟು ಹಾಕಿಕೊಂಡು ಹೊರಟೇಬಿಟ್ಟರು.

"ದಾರಿ ಮಾತ್ರ ನೀನೇ ಹಾಕಿಕೊಡ್ಬೇಕು ದೊಡ್ಡವಳೇ," ಅಂದರು ಅಪ್ಪ. "ನೀನೂ ಬಾ ಜೊತೆಗೆ. ಹಿಂದಿನ ಸೀಟು ಖಾಲಿ ಇರುತ್ತಲ್ಲ."

"ಆಯ್ತಪ್ಪ, ಹಾಕಿಕೊಡ್ತೀನಿ," ಅಂದಳು ಅಕ್ಕ. ಹಿಂದಿನ ಸೀಟು ಎಂಬ ಮಾತನ್ನೇ ಮನಸ್ಸಿನಲ್ಲಿ ತಿರುವುತ್ತ ತಟ್ಟೆ ಎತ್ತಿಕೊಂಡು ಎದ್ದಳು.

ಗುಬ್ಬಿಗೆ ಗುಬ್ಬಿ ಎಂಬ ಹೆಸರು ಬಂದದ್ದು ಒಂದು ಕಡೆ ಕೂರಲಾರಳೆಂದು. ಪೇಟೆಬೀದಿಯಲ್ಲಿ ಅವಳದೊಂದು ಹೆಂಗಸರ ಸಲೂನು. ಕತ್ತರಿಗಿಂತ ಬಾಯಿ ಚುರುಕು. ಕೂದಲು ಕತ್ತರಿಸಿಕೊಳ್ಳಲು ಬಂದವರು ತಮ್ಮ ಮನೆಯ ಗುಟ್ಟನ್ನೆಲ್ಲ ಕುರ್ಚಿಯ ಮೇಲೆ ಬಿಚ್ಚಿಟ್ಟು, ಹಗುರವಾಗಿ ಎದ್ದು ಹೋಗುತ್ತಿದ್ದರು. ಆಕಾಶಕ್ಕೆ ಹೋದರೂ ಅವಳದು ಅದೇ ಕಥೆ. ರೇಡಿಯೋದಲ್ಲಿ ಅವಳು ಬಾಯಿ ಬಿಟ್ಟರೆ ಆ ಕಡೆಯವರ ಬಿಗಿದ ದನಿ ತಾನಾಗಿ ಸಡಿಲಾಗುತ್ತಿತ್ತು.

ಅಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಅಲ್ಲಿಯೇ. ದೊಡ್ಡ ನಿಲ್ದಾಣದ ಸುತ್ತಲಿನ ಆಕಾಶ ಕಣ್ಣಿಗೆ ಬಯಲು, ಆದರೆ ಅಲ್ಲಿ ಕಾಣದ ಗೋಡೆಗಳಿವೆ. ನಿಲ್ದಾಣದ ಹತ್ತಿರ ಆ ಗೋಡೆ ನೆಲದಿಂದಲೇ ಏಳುತ್ತದೆ. ದೂರ ಸರಿದಂತೆ ಅದರ ತಳ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ, ಮಹಡಿಯ ಮೆಟ್ಟಿಲನ್ನು ಕೆಳಗೆ ನಿಂತು ನೋಡಿದ ಹಾಗೆ. ಆ ಮೆಟ್ಟಿಲುಗಳ ಅಡಿಯಲ್ಲಿ ನುಸುಳಿ ಸುತ್ತಿಕೊಂಡು ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ಒಳಗೆ ಹೋಗಬೇಕೆಂದರೆ ಮಾತ್ರ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲಿನವರನ್ನು ಕೇಳಬೇಕು, ಅವರು ಹೂಂ ಅನ್ನಬೇಕು. ಹೂಂ ಅಂದರೆ ಸಣ್ಣ ವಿಮಾನವನ್ನು ಕಳಿಸುವುದು ರನ್‌ವೇಯ ನಡುನೆತ್ತಿಯ ಮೇಲೆಯೇ. ದೊಡ್ಡ ವಿಮಾನಗಳು ಇಳಿಯುವುದೂ ಏರುವುದೂ ಎರಡು ತುದಿಗಳಿಂದಾಚೆ, ಅದಕ್ಕೇ ನೆತ್ತಿಯ ಜಾಗ ಖಾಲಿ.

ಆ ಖಾಲಿ ಜಾಗದ ಮೇಲೆ ಹಾರಬೇಕೆಂದು ಅಕ್ಕ ಮೊದಮೊದಲು ಕೇಳಿದ್ದಳು. ಕೇಳಿದಾಗಲೆಲ್ಲ "ಹೊರಗೇ ಇರಿ" ಎಂಬ ಒಣ ಉತ್ತರ ಬಂದಿತ್ತು. ಅವಳಿಗೆ ರಜೆ ಸಿಗುತ್ತಿದ್ದದ್ದೇ ನಿಲ್ದಾಣಕ್ಕೆ ಜನ ಮುಗಿಬೀಳುವ ದಿನಗಳಲ್ಲಿ ಎಂಬುದು ನಿಜ. ಆದರೂ ಇಲ್ಲ ಎನ್ನಿಸಿಕೊಂಡವರಿಗೆ ಕಾರಣದಿಂದ ಏನು ಸಮಾಧಾನ? ಕೇಳುವುದನ್ನೇ ನಿಲ್ಲಿಸಿ, ಸುತ್ತು ದಾರಿಗಳನ್ನು ಅಂಗೈ ಗೆರೆಯ ಹಾಗೆ ಕಲಿತಳು. ಗುಬ್ಬಿಯೋ, ಮೊದಲ ಸಲ ಕೇಳಿದಾಗಲೇ ದಾಟಿಬಂದಳು. ಕ್ಲಬ್ಬಿನ ಮೇಷ್ಟ್ರು, ಇಬ್ಬರಿಗೂ ಹಾರಲು ಕಲಿಸಿದ ಮನುಷ್ಯ, ಚಹಾ ಕುಡಿಯುತ್ತಿದ್ದವರ ಎದುರಿಗೆಲ್ಲ ಅದನ್ನು ಹೇಳಿ ನಕ್ಕಿದ್ದರು. "ಇವಳ ದನಿ ಕೇಳಿದ್ರೆ ಸಾಕು, ಟವರಿನವರು ಬಾಗಿಲು ತೆಗೆದು ಬನ್ನಿ ಒಳಗೆ ಅಂತಾರೆ." ಅಕ್ಕನೂ ನಕ್ಕಿದ್ದಳು. ಆ ನಗುವಿಗೆ ಅವಳ ಕೆನ್ನೆ ನೊಂದಿತ್ತು.

ಗುರುವಾರ ಸಂಜೆ ಗುಬ್ಬಿ ಸಲೂನು ಮುಚ್ಚಿ ನೇರ ಅಕ್ಕನ ಮನೆಗೆ ಬಂದಳು, ಅಪ್ಪನನ್ನೂ ಕಟ್ಟಿಕೊಂಡು. ಊಟದ ಮೇಜಿನ ಮೇಲೆ ಅಕ್ಕ ನಕಾಶೆ ಹರಡಿದ್ದಳು. ಗಾಳಿಗೆ ಮಡಚಿಕೊಳ್ಳದಿರಲೆಂದು ನಾಲ್ಕು ಮೂಲೆಗೂ ಔಷಧದ ಖಾಲಿ ಡಬ್ಬಿ ಇಟ್ಟಿದ್ದಳು. ಗುಬ್ಬಿ ಸೌತೆಕಾಯಿ ಹೋಳು ಕಡಿಯುತ್ತ ಬಗ್ಗಿ ನೋಡಿದಳು.

ಪೆನ್ಸಿಲ್ಲಿನ ಗೆರೆ ಕ್ಲಬ್ಬಿನ ಮೈದಾನದಿಂದ ಹೊರಟು ನಗರವನ್ನು ಮುಟ್ಟದೆ ಎಡಕ್ಕೆ ಸರಿದು, ಜಲಾಶಯದ ದಂಡೆ ಹಿಡಿದು, ಗುಡ್ಡಗಳ ನಡುವಿನ ಸಂದಿಯಲ್ಲಿ ತೂರಿ, ಆಚೆಯ ಪಟ್ಟಣದ ಹುಲ್ಲಿನ ರನ್‌ವೇಗೆ ಬಂದು ಮುಟ್ಟುತ್ತಿತ್ತು. ಯಾವ ತಿರುವಿನಲ್ಲಿ ಎಷ್ಟು ಎತ್ತರ, ಎಲ್ಲಿ ಯಾರ ಜೊತೆ ಮಾತು, ಇಂಧನ ಎಷ್ಟು, ಗಾಳಿ ಕೆಟ್ಟರೆ ಎಲ್ಲಿ ಇಳಿಯಬೇಕು, ಎಲ್ಲವನ್ನೂ ಬರೆದಿದ್ದಳು. ಬೆರಳಿಡಲು ಜಾಗವಿಲ್ಲದ ಕೆಲಸ.

"ಎಷ್ಟು ಚೆನ್ನಾಗಿ ಹಾಕಿದೀಯ ಅಕ್ಕ," ಅಂದಳು ಗುಬ್ಬಿ. ಆಮೇಲೆ ತಿನ್ನುವುದನ್ನು ನಿಲ್ಲಿಸಿ ನಗರದ ಮೇಲೆ ಬೆರಳಿಟ್ಟಳು. "ಆದ್ರೆ ನೇರ ದಾಟ್ತೀವಿ ಅಂತ ಕೇಳಬಹುದಲ್ವಾ? ಬೆಳಗಿನ ಗದ್ದಲ ಮುಗಿದ ಮೇಲೆ?"

ಕೇಳಬಹುದಿತ್ತು. ಹೊಸ ವೇಳಾಪಟ್ಟಿ ಬಂದಮೇಲೆ ಶನಿವಾರ ಬೆಳಗಿನ ವಿಮಾನಗಳೆಲ್ಲ ಹೋದ ನಂತರ ನಿಲ್ದಾಣ ಸ್ವಲ್ಪ ಹೊತ್ತು ತೂಕಡಿಸುತ್ತದೆಂದು, ಆಗ ಕೇಳಿದವರಿಗೆಲ್ಲ ದಾರಿ ಸಿಗುತ್ತಿದೆಯೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ. ಮುಂದಿನ ಸೀಟಿನಲ್ಲಿ ಅಪ್ಪ, ಪಕ್ಕದಲ್ಲಿ ಗುಬ್ಬಿ, ಕೆಳಗೆ ರನ್‌ವೇ. ಗುಬ್ಬಿ ಬಾಯಿ ತೆರೆದಳು, ಆಕಾಶ ತೆರೆಯಿತು. ಅಪ್ಪ ಮೆಚ್ಚಿ ಅವಳತ್ತ ತಿರುಗಿದರು. ಹಿಂದೆ ತಾನು, ಚೀಲದ ಪಕ್ಕದಲ್ಲಿ ಇನ್ನೊಂದು ಚೀಲದ ಹಾಗೆ.

"ಶನಿವಾರ ಯಾರಿಗೂ ಕೊಡ್ತಿಲ್ಲ," ಅಂದಳು ಅಕ್ಕ. ನಾಲಿಗೆ ತಡವರಿಸಲಿಲ್ಲ. "ಹೊಸ ನಿಯಮ. ಕೇಳೋದೇ ಬೇಡ, ಸುಮ್ನೆ ಬೈಸ್ಕೋತೀಯ."

"ಓ, ಹಾಗಾ?" ಗುಬ್ಬಿ ಬೆರಳು ತೆಗೆದಳು. ಅಷ್ಟೇ. ಇನ್ನೊಂದು ಪ್ರಶ್ನೆಯಿಲ್ಲ.

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪ ಕೇಳಿದರು. "ಹಂಗಾದ್ರೆ ನಮ್ಮ ಫೈರ್ ಸ್ಟೇಷನ್ನು ಕಾಣಲ್ವಾ ಮೇಲಿಂದ?"

"ಇಲ್ಲಪ್ಪ. ದೂರ ಆಗುತ್ತೆ."

"ಹೋಗ್ಲಿ ಬಿಡು," ಅಂದರು ಅಪ್ಪ. ತುಸು ಹೊತ್ತಾದ ಮೇಲೆ, ಯಾರಿಗೂ ಅಲ್ಲದಂತೆ, "ಅಲ್ಲಿದ್ದಷ್ಟು ಕಾಲ ತಲೆ ಎತ್ತಿ ನೋಡಿದ್ದೇ ಆಯ್ತು. ಮೇಲಿಂದ ಹೆಂಗೆ ಕಾಣುತ್ತೋ ಅಂತ ಒಂದು ಆಸೆ, ಅಷ್ಟೇ" ಅಂದರು.

ಅಕ್ಕ ಅಪ್ಪನ ಕಡೆ ನೋಡಿದಳು. ಆಗಲೇ ಬಾಯಿ ಬಿಡಬಹುದಿತ್ತು. ನೋಡ್ತೀನಿ, ಇನ್ನೊಂದು ಸಲ ವಿಚಾರಿಸ್ತೀನಿ ಅಂದಿದ್ದರೂ ಸಾಕಿತ್ತು. ಅವಳು ಡಬ್ಬಿಗಳನ್ನು ಒಂದೊಂದಾಗಿ ಎತ್ತಿಟ್ಟು ನಕಾಶೆ ಮಡಚಿದಳು.

ಶನಿವಾರ ಗಾಳಿ ಶಾಂತವಾಗಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ ತಲೆ ಬಾಚಿಕೊಂಡು ಬಂದಿದ್ದರು. ಗುಬ್ಬಿ ವಿಮಾನವನ್ನು ಸುತ್ತುತ್ತ ರೆಕ್ಕೆ, ಚಕ್ರ, ಎಣ್ಣೆ ಎಲ್ಲವನ್ನೂ ಮುಟ್ಟಿ ನೋಡಿದಳು. ಅವಳು ಏನಾದರೂ ಮರೆಯಲಿ ಎಂದು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಗುಬ್ಬಿ ಏನನ್ನೂ ಮರೆಯಲಿಲ್ಲ.

ಅಪ್ಪನನ್ನು ಮುಂದೆ ಹತ್ತಿಸುವುದು ಒಂದು ದೊಡ್ಡ ಕೆಲಸವೇ ಆಯಿತು. ಮಂಡಿ ಮಡಿಸಲು ಅಕ್ಕ, ಭುಜ ಹಿಡಿಯಲು ಮೇಷ್ಟ್ರು, ಒಳಗಿನಿಂದ ಎಳೆಯಲು ಗುಬ್ಬಿ. "ಸೋಫಾ ಸಾಗಿಸೋ ಹಾಗೆ ಸಾಗಿಸ್ತಿದೀರಲ್ರೋ," ಎಂದು ಅಪ್ಪ ನಕ್ಕರು. ಬೆಲ್ಟು ಬಿಗಿದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡಾಗ ಮಾತ್ರ ನಗು ನಿಂತಿತು. ವಿಮಾನ ನೆಲ ಬಿಟ್ಟಾಗ ಅವರ ಎಡಗೈ ತಾನಾಗಿ ಹೋಗಿ ಗುಬ್ಬಿಯ ತೋಳನ್ನು ಹಿಡಿದದ್ದನ್ನು ಹಿಂದಿನಿಂದ ಅಕ್ಕ ನೋಡಿದಳು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೂ ಕಣ್ಣು ಮತ್ತೆ ಮತ್ತೆ ಆ ಕೈಯ ಕಡೆಗೇ ಹೋಗುತ್ತಿತ್ತು.

ಜಲಾಶಯ ಕಾಣಿಸಿತು. ಬರೆದುಕೊಟ್ಟಂತೆ ಗುಬ್ಬಿ ಕಂಟ್ರೋಲಿಗೆ ಕರೆ ಮಾಡಿ, ತಾವು ಯಾರು, ಎಲ್ಲಿದ್ದೇವೆ, ಗಡಿಯ ಹೊರಗೇ ಸುತ್ತಿ ಹೋಗುತ್ತೇವೆ ಎಂದು ತಿಳಿಸಿದಳು. ಆ ಕಡೆಯಿಂದ ಒಬ್ಬ ಗಂಡಸಿನ ದನಿ, ಆರಾಮಾಗಿ, ಕೇಳಿಸಿತು.

"ಕಾಣ್ತಿದೀರಿ. ಯಾಕೆ ಅಷ್ಟು ಸುತ್ತು? ನಮ್ಮಲ್ಲಿ ಈಗ ಖಾಲಿ ಇದೆ. ಬೇಕಾದ್ರೆ ರನ್‌ವೇ ಮೇಲಿಂದ ನೇರ ದಾಟಬಹುದು."

ಅಕ್ಕ ಮುಂದಕ್ಕೆ ಬಾಗಿದಳು. ಕೇಳದೆಯೇ! ಕೇಳುವ ಮೊದಲೇ ಕೊಡುತ್ತಿದ್ದಾರೆ ಇವಳಿಗೆ!

ಗುಬ್ಬಿ ತೊಡೆಯ ಮೇಲಿದ್ದ ನಕಾಶೆಯತ್ತ ನೋಡಿದಳು. ಆಮೇಲೆ ಹೇಳಿದಳು. "ತುಂಬ ಥ್ಯಾಂಕ್ಸ್. ಬೇಡ. ನಾವು ಹಾಕ್ಕೊಂಡ ದಾರೀಲೇ ಹೋಗ್ತೀವಿ."

"ಸರಿ, ನಿಮ್ಮಿಷ್ಟ."

ಅಪ್ಪನ ಕಿವಿಗೂ ಎಲ್ಲ ಬಿದ್ದಿತ್ತು. ಅವರು ಕತ್ತನ್ನು ನಗರದ ಕಡೆ ಸ್ವಲ್ಪ ಹೊರಳಿಸಿ, ಮಂಜು ಮಂಜಾಗಿ ಕಾಣುತ್ತಿದ್ದ ಕಟ್ಟಡಗಳನ್ನು ನೋಡುತ್ತ ಕೂತರು.

"ಯಾಕೆ ಬೇಡ ಅಂದೆ?" ಅಕ್ಕ ಕೇಳಿದಳು. ದನಿ ತನ್ನದೇ ಅನ್ನಿಸಲಿಲ್ಲ.

"ಶನಿವಾರ ಕೊಡಲ್ಲ ಅಂತ ನೀನೇ ಹೇಳಿದ್ಯಲ್ಲ. ಆ ಮನುಷ್ಯನಿಗೆ ಹೊಸ ನಿಯಮ ಮರೆತಿರಬೇಕು. ಸುಮ್ನೆ ಯಾಕೆ ಅವರಿಗೆ ತೊಂದರೆ ತರೋದು?" ಅಂದಳು ಗುಬ್ಬಿ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುಡ್ಡದ ಸಂದಿ ಹತ್ತಿರವಾಗುತ್ತಿತ್ತು. ಅದನ್ನು ಹೊಕ್ಕರೆ ಮುಗಿಯಿತು, ನಿಲ್ದಾಣ ಹಿಂದೆ ಉಳಿಯುತ್ತದೆ, ಸುಳ್ಳೂ ಅದರ ಜೊತೆ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ಅಪ್ಪನ ಕತ್ತನ್ನು ನೋಡಿದಳು. ಬಾಚಿದ ಬಿಳಿ ಕೂದಲು, ಅದರ ಕೆಳಗೆ ಬೆಂಕಿಯ ಶಾಖಕ್ಕೆ ಎಂದೋ ಸುಟ್ಟು ನಯವಾದ ಚರ್ಮ. ಆ ಕತ್ತು ಇನ್ನೂ ನಗರದ ಕಡೆಗೇ ಹೊರಳಿತ್ತು.

"ಗುಬ್ಬಿ, ತಿರುಗಿಸು," ಅಂದಳು. "ದಾಟ್ತೀವಿ ಅಂತ ಹೇಳು. ಅಂಥ ನಿಯಮ ಯಾವುದೂ ಇಲ್ಲ. ನಾನು ಸುಳ್ಳು ಹೇಳಿದೆ."

ಗುಬ್ಬಿ ಹಿಂದಕ್ಕೆ ತಿರುಗಲಿಲ್ಲ. ಅವಳ ಕಿವಿ ಕೆಂಪಾದದ್ದು ಅಕ್ಕನಿಗೆ ಕಾಣಿಸಿತು. ವಿಮಾನ ಒಂದು ರೆಕ್ಕೆ ಬಾಗಿಸಿ ಜಲಾಶಯದ ಕಡೆಗೆ ತಿರುಗಿತು.

"ಕ್ಷಮಿಸಿ, ಮನಸ್ಸು ಬದಲಾಯ್ತು," ಗುಬ್ಬಿ ರೇಡಿಯೋಗೆ ಹೇಳಿದಳು. "ರನ್‌ವೇ ಮೇಲಿನ ದಾರಿ ಇನ್ನೂ ಸಿಗುತ್ತಾ?"

"ಅಯ್ಯೋ, ಈಗ ಎರಡು ದೊಡ್ಡವು ಬರ್ತಿವೆ. ಅಲ್ಲೇ ನೀರಿನ ಮೇಲೆ ಸುತ್ತು ಹಾಕ್ತಿರಿ. ನೋಡಿ ಹೇಳ್ತೀನಿ. ಮಾತು ಕೊಡೋಕಾಗಲ್ಲ."

ಅವರು ನೀರಿನ ಮೇಲೆ ಸುತ್ತತೊಡಗಿದರು. ಒಂದು ಸುತ್ತು, ಇನ್ನೊಂದು. ಬಿಸಿಲು ಸೀಟುಗಳ ಮೇಲೆ ಗಡಿಯಾರದ ಮುಳ್ಳಿನ ಹಾಗೆ ತಿರುಗಿತು. ತಪ್ಪೊಪ್ಪಿಕೊಂಡ ಮೇಲೆ ಮನಸ್ಸು ತಿಳಿಯಾಗುತ್ತದೆಂದು ಅಕ್ಕ ಅಂದುಕೊಂಡಿದ್ದಳು. ಆಗಲಿಲ್ಲ. ಸಿಗಲಿ, ಅಪ್ಪ ನೋಡಲಿ ಎಂದು ಮನಸ್ಸು ಬೇಡುತ್ತಿರುವಾಗಲೇ ಅದರ ಯಾವುದೋ ಮೂಲೆಯಲ್ಲಿ, ಇವಳಿಗೂ ಒಂದು ಸಲ ಇಲ್ಲ ಅನ್ನಲಿ, ಇವಳೂ ಆ ಒಣ ಮಾತನ್ನು ಒಮ್ಮೆ ಕೇಳಲಿ ಎಂಬ ಆಸೆ ಹಲ್ಲು ಕಿರಿಯುತ್ತಿತ್ತು. ತನ್ನೊಳಗೆ ಅಂಥದ್ದೊಂದು ಇನ್ನೂ ಕೂತಿರುವುದನ್ನು ಕಂಡು ಅವಳಿಗೆ ನಾಚಿಕೆಗಿಂತ ಹೆಚ್ಚು ಭಯವಾಯಿತು.

"ಬನ್ನಿ," ಎಂದಿತು ಕಂಟ್ರೋಲಿನ ದನಿ. "ನಡುನೆತ್ತಿಗೆ ಗುರಿಯಿಟ್ಟು ಬನ್ನಿ. ಎತ್ತರ ಬಿಡಬೇಡಿ."

ನಗರದ ಮನೆಗಳು ರೆಕ್ಕೆಯಡಿ ಸರಿದವು. ಆಮೇಲೆ ಒಮ್ಮೆಗೇ ಮನೆಗಳು ಮುಗಿದು ಹುಲ್ಲಿನ ಬಯಲು ತೆರೆಯಿತು, ಬಯಲಿನ ನಡುವೆ ಬೂದುಬಣ್ಣದ ಉದ್ದ ಪಟ್ಟಿ, ಚಕ್ರಗಳು ಉಜ್ಜಿ ಉಜ್ಜಿ ಕಪ್ಪಾದ ಅದರ ಎರಡು ತುದಿ. ಇಳಿದ ದೊಡ್ಡ ವಿಮಾನವೊಂದು ಕೆಳಗೆ ತೆವಳುತ್ತಿತ್ತು. ಗುಬ್ಬಿ ಅಪ್ಪನ ಕಡೆಯ ರೆಕ್ಕೆಯನ್ನು ಒಂದಿಷ್ಟು ತಗ್ಗಿಸಿದಳು.

ಅಪ್ಪ ಹಣೆಯನ್ನು ಗಾಜಿಗೆ ಒತ್ತಿದರು. "ಅದೇ... ಅದೇ ನೋಡ್ರೇ! ಕೆಂಪು ಬಾಗಿಲು! ಲಾರಿ ಹೊರಗೆ ನಿಲ್ಸಿ ತೊಳೀತಿದಾರೆ!" ಎಂದು ಕೂಗಿದರು. ಮರುಕ್ಷಣ ನಗತೊಡಗಿದರು. "ಎಷ್ಟು ಸಣ್ಣದಮ್ಮ! ಬೆಂಕಿಪೊಟ್ಟಣ! ಇಷ್ಟು ಚಿಕ್ಕ ಜಾಗದಲ್ಲಿ ಕೂತು ಇಡೀ ಆಕಾಶಕ್ಕೆ ಹೆದರಿದ್ನಾ ನಾನು?" ನಗುತ್ತ ನಗುತ್ತ ಅವರ ಕಣ್ಣು ಒದ್ದೆಯಾಯಿತು.

ಅಕ್ಕನೂ ಕೆಳಗೆ ನೋಡಿದಳು. ಎಷ್ಟೋ ವರ್ಷ ಬಯಸಿದ ಜಾಗ. ಅವಳ ಕಣ್ಣು ಮಂಜಾಗಿ, ಅವಳಿಗೆ ಅರ್ಧ ಕಂಡಿತು, ಅರ್ಧ ಕಾಣಲಿಲ್ಲ.

ಹುಲ್ಲಿನ ರನ್‌ವೇಯಲ್ಲಿ ಇಳಿದಾಗ ಸೋದರತ್ತೆಯ ಮಗ ಕಾರು ತಂದು ನಿಂತಿದ್ದ. ಅಪ್ಪ ಅವನ ಹೆಗಲು ಹಿಡಿದು ಕುಂಟುತ್ತ ಹೋದರು, ಸ್ಟೇಷನ್ನಿನ ಕಥೆಯನ್ನು ಆಗಲೇ ಶುರುಮಾಡಿಬಿಟ್ಟಿದ್ದರು. ವಿಮಾನಕ್ಕೆ ಹಗ್ಗ ಬಿಗಿಯಲು ಅಕ್ಕತಂಗಿಯರು ಉಳಿದರು.

ಗುಬ್ಬಿ ಗಂಟು ಹಾಕಿ ಎದ್ದು ನಿಂತಳು. "ಯಾಕೆ ಹಾಗೆ ಮಾಡಿದೆ?"

"ಹೊಟ್ಟೆಕಿಚ್ಚು," ಅಂದಳು ಅಕ್ಕ. ಸುತ್ತುಬಳಸುವುದಕ್ಕೆ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. "ನಾನು ಕರೆದಾಗ ಅಪ್ಪ ಬರಲಿಲ್ಲ. ನೀನು ಕರೆದ ಕೂಡ್ಲೇ ಬಂದ್ರು."

"ಕೂಡ್ಲೇ?" ಗುಬ್ಬಿಯ ದನಿ ಏರಿತು. "ವರ್ಷವಿಡೀ ಕಾಡಿಸಿದೀನಿ ಅವರನ್ನ! ಕಾಲು ಒತ್ತುವಾಗ, ತಲೆಗೆ ಎಣ್ಣೆ ಹಚ್ಚುವಾಗ, ದಿನಾ. ನೀನು ಒಂದು ಸಲ ಕೇಳಿ ಮುಖ ಊದಿಸ್ಕೊಂಡು ಕೂತೆ. ಕೊನೆಗೆ ಏನಂದ್ರು ಗೊತ್ತಾ? ದೊಡ್ಡವಳು ದಾರಿ ಹಾಕಿಕೊಟ್ಟು, ಜೊತೇಲಿ ಬಂದ್ರೆ ಮಾತ್ರ ಹತ್ತುತೀನಿ ಅಂದ್ರು. ನಾನು ಹಾರಿಸೋದು, ಧೈರ್ಯ ನಿನ್ನದು! ನನಗೆ ಹೇಗಾಗಿರಬೇಕು? ಆದ್ರೂ ನಿನ್ನ ಗೆರೆ ಬಿಟ್ಟು ಒಂದಿಂಚು ಆಚೆ ಹೋಗಲಿಲ್ಲ."

ಅಕ್ಕ ತಲೆ ತಗ್ಗಿಸಿದಳು. "ತಪ್ಪಾಯ್ತು ಕಣೇ."

"ಆಯ್ತು," ಅಂದಳು ಗುಬ್ಬಿ. ಪರವಾಗಿಲ್ಲ ಅನ್ನಲಿಲ್ಲ. ಅವತ್ತಿಡೀ ಅತ್ತೆಯ ಮನೆಯಲ್ಲಿ ಎಲ್ಲರ ಜೊತೆ ಪಟಪಟ ಮಾತಾಡಿದಳು, ಅಕ್ಕನ ಜೊತೆ ಮಾತ್ರ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ.

ಸಂಜೆ ಹೊರಡುವ ಹೊತ್ತಿಗೆ ಅಪ್ಪ ಅತ್ತೆಯ ಪಕ್ಕದಿಂದ ಏಳಲೇ ಇಲ್ಲ. "ನಾನು ಒಂದು ವಾರ ಇಲ್ಲೇ ಇರ್ತೀನಿ. ಯಾರಾದ್ರೂ ಒಬ್ಬರು ಬಂದು ಕರ್ಕೊಂಡು ಹೋಗಿ."

ಯಾರಾದರೂ ಒಬ್ಬರು! ಅಕ್ಕತಂಗಿ ಪರಸ್ಪರ ನೋಡಿಕೊಂಡರು. ಇಬ್ಬರ ಮುಖವೂ ಒಂದೇ ಹಾಗೆ ಇಳಿದಿತ್ತು. ಗುಬ್ಬಿಗೆ ಮೊದಲು ನಗು ಬಂತು. ನಗಬಾರದೆಂದು ಹಲ್ಲು ಕಚ್ಚಿದಳು. ಆದರೂ ಬಂತು.

ವಾಪಸು ಹೋಗುವಾಗ ಅಕ್ಕ ಹಾರಿಸಿದಳು. ಅರ್ಧ ದಾರಿಯಲ್ಲಿ ಗುಬ್ಬಿ ಹೇಳಿದಳು. "ಮುಂದಿನ ಶನಿವಾರ ಸಲೂನಲ್ಲಿ ಮದುಮಗಳ ಕೆಲಸ ಇದೆ. ನೀನೇ ಹೋಗು." ಆಮೇಲೆ, "ಕೋಪ ಇನ್ನೂ ಹೋಗಿಲ್ಲ, ನೆನಪಿರ್ಲಿ" ಎಂದು ಸೇರಿಸಿದಳು.

ಮುಂದಿನ ಶನಿವಾರ ಅಕ್ಕ ಒಬ್ಬಳೇ ಹೋದಳು. ಅಪ್ಪ ಪಕ್ಕದಲ್ಲಿ ಕೂತರು. ದಾರಿಯುದ್ದಕ್ಕೂ ಅವರ ಕೈ ತೊಡೆಯ ಮೇಲೆಯೇ ಇತ್ತು, ಅವಳ ತೋಳಿಗೆ ಬರಲಿಲ್ಲ. ಹೆದರಿಕೆ ಕಳೆದುಹೋಗಿರಬೇಕು. ಹೆದರಿದ ಅಪ್ಪ ಗುಬ್ಬಿಗೆ ಸಿಕ್ಕರು, ಹೆದರದ ಅಪ್ಪ ತನಗೆ, ಎಂದು ಅವಳಿಗೆ ಅದಕ್ಕೂ ಹೊಟ್ಟೆ ಉರಿಯಿತು. ಆದರೆ ಅಪ್ಪ ಬಾಯಿ ಮುಚ್ಚಲಿಲ್ಲ. ಅವಳು ಹುಟ್ಟುವ ಮೊದಲಿನ ಕಥೆಗಳನ್ನು, ಅಮ್ಮನಿಗೂ ಹೇಳದಿದ್ದ ಒಂದು ಬೆಂಕಿಯ ಕಥೆಯನ್ನು, ಇಂಜಿನ್ನಿನ ಸದ್ದಿನ ನಡುವೆ ಅವಳ ಕಿವಿಯೊಳಗೇ ಕೂತಂತೆ ಹೇಳುತ್ತ ಬಂದರು.

ಕ್ಲಬ್ಬಿನ ಮೈದಾನದಲ್ಲಿ ಇಳಿಯುವಾಗ ಅಡ್ಡಗಾಳಿ ಬೀಸಿತು. ಚಕ್ರಗಳು ಒಮ್ಮೆ ನೆಲಕ್ಕೆ ಬಡಿದು, ಪುಟಿದು, ಮತ್ತೆ ಕೂತವು.

"ಅಬ್ಬಾ!" ಅಪ್ಪ ಸೊಂಟ ಹಿಡಿದುಕೊಂಡರು. "ಗುಬ್ಬಿ ಇಳಿಸಿದಾಗ ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ ನೋಡು."

ಚುಚ್ಚಿತು. ಚುಚ್ಚದೆ ಏನು? ಅಡ್ಡಗಾಳಿ ಅವತ್ತು ಇರಲಿಲ್ಲ ಅಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಕ್ಕ ಇಂಜಿನ್ನು ಆರಿಸಿ, ಹೆಡ್‌ಫೋನು ತೆಗೆದು, ಬೆವರಿದ ಕಿವಿ ಒರೆಸಿಕೊಂಡಳು.

"ಹೌದಪ್ಪ," ಅಂದಳು. "ಅವಳು ನನಗಿಂತ ಚೆನ್ನಾಗಿ ಇಳಿಸ್ತಾಳೆ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದಕ್ಕೆ ಏನೂ ಕುಸಿದು ಬೀಳಲಿಲ್ಲ. ಅವಳು ಕೆಳಗಿಳಿದು ಆ ಕಡೆಗೆ ಬಂದು, ಅಪ್ಪನ ಮಂಡಿಯನ್ನು ಮೆಲ್ಲಗೆ ಬಿಡಿಸಿ, ಭಾರವನ್ನೆಲ್ಲ ತನ್ನ ಹೆಗಲಿಗೆ ತೆಗೆದುಕೊಂಡಳು.